ಕಾಲುವೆ ಬದಿಯ ಜಮೀನುದಾರರಿಗೆ ಬ್ಯಾಕ್ಟೀರಿಯಾ ಮಾಲಿನ್ಯದ ವಿಷಯವನ್ನು ಮನವರಿಕೆ ಮಾಡಿಕೊಡುವುದು ಹೇಗೆ?

ಪ್ರಶ್ನೆ: ಪಾಲಾರ್ ಬಯಲು, ಬಂಗಾರಪೇಟೆ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತನಾದ ನಾನು ಈಗ ಊರಿನ ಕೆರೆ ಸಮಿತಿಯ ಕೆಲಸ ನೋಡಿಕೊಳ್ಳುತ್ತಿದ್ದೇನೆ. ನಮ್ಮದು ಪಾಲಾರ್ ಕಣಿವೆಯ ಸರಣಿ ಕೆರೆಗಳಲ್ಲೊಂದು. ಮೇಲಿನ ಕೆರೆ ಕೋಡಿ ಹರಿದರೆ ಆ ನೀರೂ, ನಡುವಿನ ಹೊಲಗಳ ಮಳೆನೀರೂ ಒಂದೇ ಕಾಲುವೆಯಲ್ಲಿ ಇಳಿದು ನಮ್ಮ ಕೆರೆ ಸೇರುತ್ತವೆ. ಈ ಕಾಲುವೆಯ ಎರಡೂ ಬದಿಯಲ್ಲಿ ಟೊಮೆಟೊ, ಹಿಪ್ಪುನೇರಳೆ, ಸೀಮೆಹುಲ್ಲು ಬೆಳೆಯುವ ಜಮೀನುಗಳಿವೆ. ಹೊಲದಲ್ಲೇ ಮನೆ ಕಟ್ಟಿಕೊಂಡು ಸೀಮೆಹಸು ಸಾಕಿ ಡೇರಿಗೆ ಹಾಲು ಹಾಕುವ ಕುಟುಂಬಗಳೂ ಹಲವು ಇವೆ.

ಸಮಸ್ಯೆ ಏನೆಂದು ಒಂದು ಉದಾಹರಣೆಯಿಂದ ಹೇಳುತ್ತೇನೆ. ಒಂದು ಕೊಟ್ಟಿಗೆಯ ಸಿಮೆಂಟ್ ನೆಲವನ್ನು ಕಾಲುವೆಯ ಕಡೆಗೇ ಇಳಿಜಾರು ಮಾಡಿ, ಗೋಡೆಯ ಬುಡದಲ್ಲಿ ನಾಲ್ಕಂಗುಲದ ಪಿವಿಸಿ ಪೈಪು ಕೂರಿಸಿದ್ದಾರೆ. ಹಾಲು ಕರೆಯುವ ಮುನ್ನ ಹಸು ತೊಳೆದ ನೀರು, ಗಂಜಲ, ಸಗಣಿಯ ತಿಳಿ ಎಲ್ಲವೂ ಅದರಿಂದ ನೇರವಾಗಿ ಕಾಲುವೆಗೆ ಬೀಳುತ್ತವೆ. ಪೈಪಿನ ಬಾಯಿಯ ಕೆಳಗೆ ಕಪ್ಪು ಕೆಸರು ಕಟ್ಟಿದೆ. ಸುತ್ತಲಿನ ಹುಲ್ಲೆಲ್ಲ ಒಣಗುವ ಬೇಸಿಗೆಯಲ್ಲೂ ಅಲ್ಲಿ ಮಾತ್ರ ಜೊಂಡು ಹಸಿರಾಗಿಯೇ ಇರುತ್ತದೆ. ಅಲ್ಲಿಂದ ಸ್ವಲ್ಪ ಕೆಳಗೆ ಕಾಲುವೆಯ ಏರಿಯ ಮೇಲೆಯೇ ಎರಡು ತಿಪ್ಪೆಗಳಿವೆ. ಹಿಪ್ಪುನೇರಳೆ ತೋಟದವರು ತರಿಸಿದ ಕೋಳಿ ಗೊಬ್ಬರ ಚೆಲ್ಲುವವರೆಗೂ ರಸ್ತೆ ಪಕ್ಕದಲ್ಲಿ ಬಿದ್ದಿರುತ್ತದೆ. ಇನ್ನು ಕೆಲವು ಮನೆಗಳ ಶೌಚದ ಗುಂಡಿಗಳು ತುಂಬಿದರೆ ಖಾಲಿ ಮಾಡಿಸುವ ಬದಲು ಮೇಲ್ಭಾಗದಲ್ಲಿ ಪೈಪು ಕೊಟ್ಟು ಹೊರಗೆ ಬಿಡುವ ಅಭ್ಯಾಸವಿದೆ.

ಕಳೆದ ಮಳೆಗಾಲದಲ್ಲಿ ಕೆರೆಯ ನೀರನ್ನು ಪರೀಕ್ಷೆಗೆ ಕೊಟ್ಟಾಗ ಮಲಮೂಲದ ಕೋಲಿಫಾರ್ಮ್ (ನೀರಿಗೆ ಮಲ ಸೇರಿದೆ ಎಂದು ತೋರಿಸುವ, ಕರುಳಿನ ಬ್ಯಾಕ್ಟೀರಿಯಾ) ಪ್ರಮಾಣ ಸ್ನಾನಕ್ಕೆ ಹೇಳಿರುವ ಮಿತಿಯನ್ನು ದಾಟಿತ್ತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಕಾರ ಸ್ನಾನದ ನೀರಿನಲ್ಲಿ ಅದು 100 ಮಿಲಿಲೀಟರಿಗೆ 500 ಇದ್ದರೆ ಒಳ್ಳೆಯದು, ಹೆಚ್ಚೆಂದರೆ 2,500 ಇರಬಹುದು. ಈ ವರದಿಯನ್ನು ಗ್ರಾಮಸಭೆಯಲ್ಲಿ ಓದಿ ಹೇಳಿದೆ. ಎಲ್ಲರೂ ಮರ್ಯಾದೆಯಿಂದ ಕೇಳಿಸಿಕೊಂಡರು, ಆಮೇಲೆ ಏನೂ ಆಗಲಿಲ್ಲ. "ನಾವು ಕುಡಿಯುವುದು ಘಟಕದ ನೀರು, ಕೆರೆ ಹೇಗಿದ್ದರೇನು?" ಎಂಬುದು ಒಬ್ಬರ ಪ್ರಶ್ನೆ. "ಸಗಣಿಯಿಂದ ಯಾರಿಗೆ ಕೇಡಾಗಿದೆ ಮೇಷ್ಟ್ರೇ, ನಮ್ಮಜ್ಜನ ಕಾಲದಿಂದ ನೆಲ ಸಾರಿಸಿಲ್ಲವೇ?" ಎಂದು ಇನ್ನೊಬ್ಬರು ಕೇಳಿದರು. ಫ್ಲೋರೈಡ್ ಎಂದರೆ ನಮ್ಮ ಜಿಲ್ಲೆಯಲ್ಲಿ ಮಕ್ಕಳಿಗೂ ಗೊತ್ತು, ಹಲ್ಲಿನ ಮೇಲೆ ಕಲೆ ಕಾಣುತ್ತದೆ. ಬ್ಯಾಕ್ಟೀರಿಯಾ ಕಾಣುವುದಿಲ್ಲ.

ಕಡಲ ತೀರದ ಪ್ರದೇಶಗಳಲ್ಲಿ ಹೊಳೆ, ಅಳಿವೆಗಳ ದಂಡೆಯ ಜಮೀನುದಾರರಿಗೆ ಈ ವಿಷಯವನ್ನು ತಿಳಿಸುವ ಕಾರ್ಯಕ್ರಮಗಳು ವರ್ಷಗಳಿಂದ ನಡೆದಿವೆ ಎಂದು ಓದಿದ್ದೇನೆ. ಅಲ್ಲಿ ಹೇಗೆ ಹೇಳುತ್ತಾರೆ, ಮೊದಲು ಏನನ್ನು ಬದಲಿಸಲು ಕೇಳುತ್ತಾರೆ, ಮಳೆ ಕಡಿಮೆಯಿರುವ ನಮ್ಮ ಸೀಮೆಗೆ ಅದರಲ್ಲಿ ಯಾವುದು ಹೊಂದುತ್ತದೆ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ. ಊರಿನಲ್ಲಿ ಜಗಳ ಹುಟ್ಟಿಸುವ ದಾರಿ ನನಗೆ ಬೇಡ.

ಉತ್ತರ: ಸೂಕ್ಷ್ಮದರ್ಶಕ, ಚಿಕ್ಕಬಳ್ಳಾಪುರ

ಮೇಷ್ಟ್ರೇ, ನಾನು ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು. ಆ ಅನುಭವದಿಂದ ಹೇಳುವುದಾದರೆ, ಕೆರೆಯ ಒಂದೇ ಕಡೆಯಿಂದ ತೆಗೆದ ಒಂದೇ ಮಾದರಿಯ ಅಂಕಿಯನ್ನು ಸಭೆಯಲ್ಲಿ ಓದಿದರೆ ಯಾರಿಗೂ ಅದು ತಮ್ಮದೆನಿಸುವುದಿಲ್ಲ. ಕೆರೆ ಊರಿನದು, ಹಾಗಾಗಿ ಆ ಕೊಳೆಯೂ ಊರಿನದೇ ಆಗಿಬಿಡುತ್ತದೆ. ಅದರ ಬದಲು ಕಾಲುವೆಯನ್ನು ತುಂಡು ತುಂಡಾಗಿ ನೋಡಿ. ಜಮೀನುಗಳ ಸಾಲು ಶುರುವಾಗುವ ಜಾಗದ ಮೇಲ್ಭಾಗದಲ್ಲಿ ಒಂದು ಮಾದರಿ, ಕೊಟ್ಟಿಗೆಗಳ ಗುಂಪು ದಾಟಿದ ಮೇಲೆ ಒಂದು, ಕೆರೆಯ ಬಾಯಿಯಲ್ಲಿ ಒಂದು ತೆಗೆದುಕೊಳ್ಳಿ. ಅದೇ ಜಾಗಗಳಿಂದ ಮಳೆಯಿಲ್ಲದ ದಿನವೂ, ಮೊದಲ ದೊಡ್ಡ ಮಳೆಯ ದಿನವೂ ತೆಗೆಯಬೇಕು. ಒಣ ದಿನದಲ್ಲೂ ಕೆಳಗಿನ ಅಂಕಿ ಹೆಚ್ಚಿದ್ದರೆ ಪೈಪಿನಿಂದಲೋ ಶೌಚದ ಗುಂಡಿಯಿಂದಲೋ ನಿತ್ಯ ಸೋರುತ್ತಿದೆ ಎಂದು ಊಹಿಸಬಹುದು. ಒಣ ದಿನ ಕಡಿಮೆಯಿದ್ದು ಮಳೆಯ ದಿನ ಏಕಾಏಕಿ ಏರಿದರೆ ತಿಪ್ಪೆ, ಕೋಳಿ ಗೊಬ್ಬರ, ಬಯಲಿನ ಸಗಣಿ ಕೊಚ್ಚಿಕೊಂಡು ಬರುತ್ತಿವೆ ಎಂದರ್ಥ. ಎರಡಕ್ಕೂ ಪರಿಹಾರ ಬೇರೆ ಬೇರೆ. ಇದನ್ನು ವಿಂಗಡಿಸದೆ ಎಲ್ಲರಿಗೂ ಒಂದೇ ಉಪದೇಶ ಮಾಡಿದರೆ ತಪ್ಪಿಲ್ಲದವರಿಗೂ ಮಾತು ತಗಲುತ್ತದೆ, ಅವರು ಮುಂದಿನ ಸಭೆಗೆ ಬರುವುದಿಲ್ಲ.

ಬೇಸಿಗೆಯ ನಂತರದ ಮೊದಲ ಹರಿವನ್ನು ಹಿಡಿಯುವುದು ಬಹಳ ಮುಖ್ಯ. ತಿಂಗಳುಗಟ್ಟಲೆ ನೆಲದ ಮೇಲೆ ಕೂಡಿದ್ದೆಲ್ಲ ಅದರಲ್ಲೇ ಬರುತ್ತದೆ. ಬಿಸಿಲು ಮೇಲ್ಮೈ ನೀರಿನ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ನಿಜ. ಆದರೆ ನೀವು ಹೇಳಿದ ಆ ಕಪ್ಪು ಕೆಸರಿನೊಳಗೆ ಬಿಸಿಲು ಹೋಗುವುದಿಲ್ಲ. ಮಲಮೂಲದ ಕೋಲಿಫಾರ್ಮ್‌ಗಳಲ್ಲಿ ಮುಖ್ಯವಾದ ಇ. ಕೋಲಿ ಅಂಥ ಕೆಸರಿನಲ್ಲಿ ವಾರಗಟ್ಟಲೆ ಉಳಿದುಕೊಂಡು, ನೀರು ರಭಸವಾಗಿ ಬಂದಾಗ ಮೇಲೆದ್ದು ಕೆರೆಗೆ ಇಳಿಯುತ್ತದೆ. ಆದ್ದರಿಂದ ಪೈಪು ನಿಲ್ಲಿಸಿದ ಮರುದಿನವೇ ಅಂಕಿ ಇಳಿಯುತ್ತದೆ ಎಂದು ಯಾರಿಗೂ ಮಾತು ಕೊಡಬೇಡಿ.

ಇನ್ನೊಂದು ಎಚ್ಚರಿಕೆ. ಜಲಜೀವನ್ ಮಿಷನ್ ಕಿಟ್‌ನಲ್ಲಿ ಬರುವ, ಬ್ಯಾಕ್ಟೀರಿಯಾ ಇದ್ದರೆ ಕಪ್ಪಾಗುವ ಸೀಸೆಯನ್ನು ಸಭೆಯಲ್ಲಿ ತೋರಿಸಬೇಕೆಂದು ಹಲವರಿಗೆ ಆಸೆಯಾಗುತ್ತದೆ. ಅದು ನಲ್ಲಿ ನೀರಿಗೆ, ಬೋರ್‌ವೆಲ್ ನೀರಿಗೆ ಒಳ್ಳೆಯ ಸಾಧನ, ಇದೆಯೋ ಇಲ್ಲವೋ ಎಂದು ಹೇಳುತ್ತದೆ. ಕೆರೆ, ಕಾಲುವೆಯ ನೀರು ಹಾಕಿದರೆ ಯಾವ ಊರಿನದಾದರೂ ಬಹುತೇಕ ಕಪ್ಪಾಗುತ್ತದೆ. ಸುಧಾರಣೆ ಆದ ಮೇಲೂ ಕಪ್ಪಾಗಿಯೇ ಇರುತ್ತದೆ, ಆಗ ಮಾಡಿದ ಕೆಲಸವೆಲ್ಲ ವ್ಯರ್ಥ ಎಂದು ಜನ ತಿಳಿಯುತ್ತಾರೆ. ಎಷ್ಟು ಇದೆ ಎಂದು ಎಣಿಸುವ ಎಂಪಿಎನ್ ವಿಧಾನದ ಪರೀಕ್ಷೆಯೇ ಇಲ್ಲಿ ಬೇಕು.

"ಘಟಕದ ನೀರು ಕುಡಿಯುತ್ತೇವೆ" ಎಂಬ ಮಾತಿಗೆ ಉತ್ತರ ಮನುಷ್ಯರ ಹೊಟ್ಟೆಯಲ್ಲಿಲ್ಲ, ಕೊಟ್ಟಿಗೆಯಲ್ಲಿದೆ. ಕರುಗಳಿಗೆ ಆ ಕೆರೆಯ ನೀರನ್ನೇ ಕುಡಿಸುತ್ತಾರೆ. ಎಳೆಗರುಗಳಿಗೆ ಬರುವ ಭೇದಿಯ ಕಾರಣಗಳಲ್ಲಿ ಇ. ಕೋಲಿ, ಸಾಲ್ಮೊನೆಲ್ಲಾ ಮುಖ್ಯವಾದವು. ಅದೇ ನೀರಿನಲ್ಲಿ ಕೆಚ್ಚಲು ತೊಳೆದು, ಕ್ಯಾನು ತೊಳೆದರೆ ಹಾಲಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಿ ಹಾಲು ಬೇಗ ಒಡೆಯುತ್ತದೆ. ಹಾಲಿನ ಗುಣಮಟ್ಟ ನೋಡುವ ಮೆಥಿಲೀನ್ ಬ್ಲೂ ಪರೀಕ್ಷೆಯಲ್ಲಿ ಅಂಥ ಹಾಲಿನ ನೀಲಿ ಬಣ್ಣ ಬೇಗ ಮಾಯವಾಗುತ್ತದೆ. ಇದು ಹಾಲು ಹಾಕುವವರಿಗೆ ಅರ್ಥವಾಗುವ ಭಾಷೆ. ಕೊತ್ತಂಬರಿ, ಟೊಮೆಟೊ ಮಾರುಕಟ್ಟೆಗೆ ಹೋಗುವ ಮುನ್ನ ಯಾವ ನೀರಿನಲ್ಲಿ ತೊಳೆಯುತ್ತಾರೆ ಎಂಬುದನ್ನೂ ಕೇಳಿ. ನಮ್ಮ ದೇಶದ ಕೃಷಿ ಬಳಕೆಯ ನೀರಿನ ವರ್ಗೀಕರಣದಲ್ಲಿ ಕೋಲಿಫಾರ್ಮ್ ಮಿತಿಯೇ ಇಲ್ಲ; ಹಸಿಯಾಗಿ ತಿನ್ನುವ ಬೆಳೆಗೆ ಬಿಡುವ ಕೊಳಚೆ ಮೂಲದ ನೀರಿನಲ್ಲಿ 100 ಮಿಲಿಲೀಟರಿಗೆ 1,000ಕ್ಕಿಂತ ಹೆಚ್ಚಿರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ ಹೇಳಿತ್ತು. ತೊಳೆಯುವ ನೀರು ಅದಕ್ಕಿಂತಲೂ ಶುದ್ಧವಾಗಿರಬೇಕು ಎಂಬುದು ಸಾಮಾನ್ಯ ತಿಳಿವಳಿಕೆ.

ಸಗಣಿಯ ಪಾವಿತ್ರ್ಯದ ವಾದಕ್ಕೆ ಇಳಿಯಲೇಬೇಡಿ. ಸಾರಿಸಿದ ನೆಲ ಬಿಸಿಲಿಗೆ ಒಣಗುತ್ತದೆ, ಕಾಲುವೆಗೆ ಬಿದ್ದದ್ದು ಒಣಗುವುದಿಲ್ಲ ಎಂದಷ್ಟೇ ಹೇಳಿದರೆ ಸಾಕು.

ಉತ್ತರ: ಬೂದಿಕೋಟೆ ಕಡೆಯವನು, ಈಗ ಸಿಯಾಟಲ್ ಸಮೀಪ

ಹುಟ್ಟಿ ಬೆಳೆದದ್ದು ನಿಮ್ಮ ತಾಲ್ಲೂಕಿನಲ್ಲೇ, ಮೇಷ್ಟ್ರೇ. ನಾನೀಗ ಇರುವ ವಾಷಿಂಗ್ಟನ್ ರಾಜ್ಯದ ಪ್ಯೂಜೆಟ್ ಸೌಂಡ್ ಎಂಬ ಕಡಲ ಕೊಲ್ಲಿಯಲ್ಲಿ ನೀವು ಕೇಳಿದ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ಇಲ್ಲಿ ಅದರ ಹಿಂದೆ ಇರುವುದು ಚಿಪ್ಪುಮೀನಿನ ವ್ಯಾಪಾರ. ಸಿಂಪಿಗಳು ತಾವಿರುವ ನೀರನ್ನೇ ಸೋಸಿ ತಿನ್ನುವುದರಿಂದ ನೀರಿನಲ್ಲಿ ಚದುರಿರುವ ರೋಗಾಣುಗಳು ಅವುಗಳ ಮೈಯಲ್ಲಿ ಸಾಂದ್ರವಾಗುತ್ತವೆ, ಮತ್ತು ಅವನ್ನು ಹಸಿಯಾಗಿ ತಿನ್ನುವವರೂ ಇದ್ದಾರೆ. ಆದ್ದರಿಂದ ಚಿಪ್ಪುಮೀನು ಬೆಳೆಯುವ ನೀರಿನಲ್ಲಿ ಮಲಮೂಲದ ಕೋಲಿಫಾರ್ಮ್ ಸರಾಸರಿ 100 ಮಿಲಿಲೀಟರಿಗೆ 14ನ್ನು ಮೀರಬಾರದು. ನಿಮ್ಮ ಸ್ನಾನದ ಮಿತಿಯಾದ 2,500ರ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಮಿತಿ ದಾಟಿ ಒಂದು ಪ್ರದೇಶದ ದರ್ಜೆ ಇಳಿದರೆ ಆ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಆಡಳಿತವು ರಕ್ಷಣಾ ವಲಯ ರಚಿಸಿ ಮೂಲ ಹುಡುಕಲೇಬೇಕು ಎಂಬ ರಾಜ್ಯದ ಕಾನೂನಿದೆ.

ಕೆಲಸದ ರೀತಿ ಹೀಗಿದೆ. ಕಿಟ್ಸಾಪ್ ಮುಂತಾದ ಕೌಂಟಿಗಳ ಆರೋಗ್ಯ ಇಲಾಖೆಯವರು ಕಡಲಂಚಿನ ಉದ್ದಕ್ಕೂ, ತೊರೆಗಳ ಉದ್ದಕ್ಕೂ ನಡೆದು, ಕಂಡ ಪ್ರತಿ ಪೈಪು, ಪ್ರತಿ ಝರಿಯ ಮಾದರಿ ತೆಗೆಯುತ್ತಾರೆ. ಅಂಕಿ ಹೆಚ್ಚಿರುವ ಕಡೆ ಮನೆಗೆ ಹೋಗಿ ಒಪ್ಪಿಗೆ ಕೇಳಿ, ಶೌಚಾಲಯದಲ್ಲಿ ಹೊಳೆಯುವ ಹಸಿರು ಬಣ್ಣ ಸುರಿದು ನೀರು ಬಿಡುತ್ತಾರೆ. ಆ ಬಣ್ಣ ದಂಡೆಯಲ್ಲಿ ಕಾಣಿಸಿಕೊಂಡರೆ ಮಾಲೀಕರ ಜೊತೆ ವಾದ ಮಾಡುವ ಅಗತ್ಯವೇ ಬೀಳುವುದಿಲ್ಲ. ನಿಮ್ಮ ಊರಿನಲ್ಲಿ ಪೈಪುಗಳು ಕಣ್ಣಿಗೆ ಕಾಣುತ್ತಿರುವುದರಿಂದ ಬಣ್ಣವೂ ಬೇಕಾಗಲಾರದು.

ಜಾನುವಾರುಗಳಿರುವ ಜಮೀನಿಗೆ ಹೋಗುವವರು ಬೇರೆಯವರು. ಭೂ ಸಂರಕ್ಷಣಾ ಮಂಡಳಿಯಂಥ ಸ್ಥಳೀಯ ಸಂಸ್ಥೆಯೊಂದಿದೆ; ಅದಕ್ಕೆ ದಂಡ ಹಾಕುವ ಅಧಿಕಾರವಿಲ್ಲ, ಪುಕ್ಕಟೆಯಾಗಿ ಜಮೀನಿನ ಯೋಜನೆ ಬರೆದುಕೊಡುತ್ತದೆ. ದಂಡ ಹಾಕುವವನೇ ಪಾಠ ಹೇಳಲು ಬಂದರೆ ಬಾಗಿಲು ತೆರೆಯುವವರು ಕಡಿಮೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ನಿಮ್ಮಲ್ಲೂ ಪಂಚಾಯಿತಿ ಅಧಿಕಾರಿಯ ಜೊತೆ ಮನೆ ಮನೆಗೆ ಹೋಗದಿರುವುದೇ ಲೇಸು.

ಅವರು ಮೊದಲು ಕೇಳುವುದು ಆಶ್ಚರ್ಯವೆನಿಸುವಷ್ಟು ಸಣ್ಣ ವಿಷಯ: ಕೊಟ್ಟಿಗೆಯ ಸೂರಿಗೆ ದೋಣಿ ಕಟ್ಟಿಸಿ, ಸೂರಿನ ಮಳೆನೀರು ಸಗಣಿ ಬಿದ್ದ ಅಂಗಳಕ್ಕೆ ಬೀಳದಂತೆ ಬೇರೆ ದಿಕ್ಕಿಗೆ ತಿರುಗಿಸಿ ಎನ್ನುತ್ತಾರೆ. ಶುದ್ಧ ನೀರು ಶುದ್ಧವಾಗಿಯೇ ಹೋದರೆ ಕೊಳೆ ನೀರಿನ ಪ್ರಮಾಣ ತಾನಾಗಿಯೇ ಇಳಿಯುತ್ತದೆ. ಎರಡನೆಯದು, ಇಲ್ಲಿ ಅಕ್ಟೋಬರ್‌ನಲ್ಲಿ ಮಳೆ ಹಿಡಿಯುವ ಮುನ್ನ ಗೊಬ್ಬರದ ರಾಶಿಗೆ ಟಾರ್ಪಾಲು ಮುಚ್ಚುವುದು. ಮೂರನೆಯದು ತೊರೆಗೆ ಬೇಲಿ ಹಾಕಿ ದನಗಳಿಗೆ ಬೇರೆ ಕಡೆ ತೊಟ್ಟಿ ಇಡುವುದು. ಕೊನೆಯದಕ್ಕೆ ಸರ್ಕಾರದ ಹಣ ಸಿಗುತ್ತದೆ, ಆದರೂ ಎಲ್ಲರೂ ಒಪ್ಪುವುದಿಲ್ಲ. ಇಲ್ಲಿನ ಸಣ್ಣ ಜಮೀನುಗಳಲ್ಲಿ ಹಲವರು ಹವ್ಯಾಸಕ್ಕೆ ಕುದುರೆ ಸಾಕಿದವರು, ಅವರಿಗೆ ಹೊಟ್ಟೆಪಾಡಿನ ಪ್ರಶ್ನೆ ಇಲ್ಲ. ಆ ವ್ಯತ್ಯಾಸವನ್ನು ಮರೆಯದೆ ಈ ಉದಾಹರಣೆಯನ್ನು ಬಳಸಿಕೊಳ್ಳಿ.

ಉತ್ತರ: ಕರುಳಕೊಂಡಿ, ಚಿಂತಾಮಣಿ

ಮೇಷ್ಟ್ರಿಗೆ ನಮಸ್ಕಾರ. ನಾನು ಹಸು ಕಟ್ಟಿ ಜೀವನ ಮಾಡುವ ಹೆಂಗಸು, ಡೇರಿಯ ನಿರ್ದೇಶಕಿಯೂ ಹೌದು. ಮೇಲಿನ ಇಬ್ಬರೂ ತಿಳಿದವರು, ಅವರ ಮಾತನ್ನು ಅಲ್ಲಗಳೆಯುವುದಿಲ್ಲ. ಆದರೆ ಎಲ್ಲರೂ "ಜಮೀನುದಾರರು" ಎಂದೇ ಬರೆದಿದ್ದೀರಿ. ಪಹಣಿಯಲ್ಲಿ ಹೆಸರಿರುವವರು ಗಂಡಸರು, ಗ್ರಾಮಸಭೆಗೆ ಬಂದು ಕೂತವರೂ ಅವರೇ. ಬೆಳಿಗ್ಗೆ ಐದಕ್ಕೆ ಎದ್ದು ಕೊಟ್ಟಿಗೆ ಗುಡಿಸಿ, ಸಗಣಿ ಬಾಚಿ, ಆ ಪೈಪಿನ ಕಡೆಗೆ ನೀರು ನೂಕುವವರು ಹೆಂಗಸರು. ಸಗಣಿ ಎಲ್ಲಿಗೆ ಹೋಗಬೇಕೆಂದು ದಿನವೂ ತೀರ್ಮಾನಿಸುವ ಕೈ ಯಾವುದೋ ಆ ಕೈಗೆ ನಿಮ್ಮ ವರದಿ ತಲುಪಿಯೇ ಇಲ್ಲ. ಹಾಲು ಹಾಕಲು ಸಾಲು ನಿಲ್ಲುವ ಹೊತ್ತಿನಲ್ಲಿ ಡೇರಿಯ ಮುಂದೆ ಹತ್ತು ನಿಮಿಷ ಮಾತನಾಡಿ, ಗ್ರಾಮಸಭೆಯ ಎರಡು ಗಂಟೆಗಿಂತ ಅದು ಮೇಲು. ಜಲಜೀವನ್ ಮಿಷನ್‌ನಲ್ಲಿ ಪ್ರತಿ ಊರಿನ ಐವರು ಹೆಂಗಸರಿಗೆ ನೀರು ಪರೀಕ್ಷೆಯ ತರಬೇತಿ ಕೊಡಬೇಕೆಂದಿದೆ. ನಿಮ್ಮ ಊರಿನಲ್ಲಿ ಅಂಥವರಿದ್ದರೆ ಮಾದರಿ ತೆಗೆಯುವಾಗ ಅವರನ್ನೇ ಕರೆದುಕೊಂಡು ಹೋಗಿ.

ಇನ್ನು ಪೈಪಿನ ವಿಷಯ. ಅದನ್ನು ಮುಚ್ಚಿ ಎಂದರೆ ಆ ನೀರು ಎಲ್ಲಿಗೆ ಹೋಗಬೇಕು? ಕೊಟ್ಟಿಗೆಯ ಹಿಂದೆ ಜಾಗವಿಲ್ಲದೆಯೇ ಅವರು ಕಾಲುವೆಗೆ ತಿರುಗಿಸಿರುವುದು. ನಮ್ಮ ಊರಿನಲ್ಲಿ ಕೆಲವರು ಪೈಪಿನ ತುದಿಯಲ್ಲಿ ಸಿಮೆಂಟ್ ರಿಂಗು ಇಳಿಸಿ ಗಂಜಲದ ತೊಟ್ಟಿ ಮಾಡಿಕೊಂಡರು. ಎರಡು ದಿನಕ್ಕೊಮ್ಮೆ ಬಕೆಟ್‌ನಲ್ಲಿ ಎತ್ತಿ ಸೀಮೆಹುಲ್ಲಿಗೆ ಹಾಕುತ್ತಾರೆ. ಹುಲ್ಲು ಹೇಗೆ ಎದ್ದು ನಿಲ್ಲುತ್ತದೆ ಎಂಬುದನ್ನು ಪಕ್ಕದ ಹೊಲದವರು ನೋಡಿಯೇ ಕಲಿತರು, ಯಾರೂ ಭಾಷಣ ಮಾಡಲಿಲ್ಲ. ಇದಕ್ಕೆ ಒಂದು ಷರತ್ತಿದೆ. ನೆಲಕ್ಕೆ ಮೊದಲು ನೀರು ಸುರಿಯಬಾರದು, ಸಗಣಿಯನ್ನು ಬಾಚಿ ತೆಗೆದ ಮೇಲೆಯೇ ತೊಳೆಯಬೇಕು. ಇಲ್ಲದಿದ್ದರೆ ತೊಟ್ಟಿ ಅರ್ಧ ದಿನಕ್ಕೇ ತುಂಬಿ ಹರಿಯುತ್ತದೆ. ಉದ್ಯೋಗ ಖಾತ್ರಿಯಲ್ಲಿ ಕೊಟ್ಟಿಗೆ, ಗೊಬ್ಬರದ ಗುಂಡಿ, ಇಂಗುಗುಂಡಿಗಳಿಗೆ ಅನುದಾನ ಕೊಟ್ಟದ್ದಿದೆ. ಕಟ್ಟುವಾಗಲೇ ಇಳಿಜಾರು ಯಾವ ಕಡೆಗಿರಬೇಕೆಂದು ಎಂಜಿನಿಯರ್ ಹೇಳಿದ್ದರೆ ಈ ಪೈಪಿನ ತಾಪತ್ರಯವೇ ಇರುತ್ತಿರಲಿಲ್ಲ.

ಒಂದು ಬೇಸರದ ಮಾತನ್ನೂ ಹೇಳಿಬಿಡುತ್ತೇನೆ. ಪಟ್ಟಣದ ಒಳಚರಂಡಿಯ ನೀರು ಕೆರೆಗೆ ಸೇರುವುದನ್ನು ನಾವು ಕಣ್ಣಾರೆ ನೋಡುತ್ತೇವೆ. ಸಾವಿರಾರು ಮನೆಗಳ ಕೊಳಚೆ ಒಂದು ಕಡೆ, ನಾಲ್ಕು ಹಸುವಿನ ಗಂಜಲ ಇನ್ನೊಂದು ಕಡೆ. ಮೊದಲನೆಯದರ ಬಗ್ಗೆ ಬಾಯಿ ಬಿಡದೆ ಎರಡನೆಯದಕ್ಕೆ ಮಾತ್ರ ತಿಳಿವಳಿಕೆ ಹೇಳಲು ಬಂದರೆ ರೈತರಿಗೆ ಸಿಟ್ಟು ಬರುವುದು ಸಹಜ. ನೀವು ಪಟ್ಟಣದ ಕಡೆಯ ಹರಿವನ್ನೂ ಅಳೆದು ಅದೇ ಹಾಳೆಯಲ್ಲಿ ಬರೆದಿಟ್ಟರೆ ಮಾತ್ರ ನಿಮ್ಮ ಮಾತಿಗೆ ತೂಕ ಬರುತ್ತದೆ.

ಉತ್ತರ: ನರಸಾಪುರ ರಸ್ತೆ, ಕೋಲಾರ

ಇದಕ್ಕೆ ಸೇರಿಸುವುದು ಒಂದೇ ವಿಷಯ. ನಿಮ್ಮ ಸರಣಿಗೆ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ನೀರು ಬರುತ್ತಿದೆಯೇ ಎಂಬುದನ್ನು ನೀವು ಬರೆದಿಲ್ಲ. 2018ರಲ್ಲಿ ಆರಂಭವಾದ ಆ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆಯನ್ನು ಎರಡನೆಯ ಹಂತದವರೆಗೆ ಸಂಸ್ಕರಿಸಿ, ದಿನಕ್ಕೆ 440 ದಶಲಕ್ಷ ಲೀಟರಿನವರೆಗೆ ಜಿಲ್ಲೆಯ ಕೆರೆಗಳಿಗೆ ಹರಿಸುವ ಉದ್ದೇಶವಿದೆ. ಅದು ಅಂತರ್ಜಲ ಮರುಪೂರಣಕ್ಕೆ ಮಾತ್ರ, ಕುಡಿಯುವುದಕ್ಕಲ್ಲ ಎಂದು ಸರ್ಕಾರವೇ ಹೇಳಿದೆ. ಮೂರನೆಯ ಹಂತದ ಸಂಸ್ಕರಣೆ ಬೇಕೆಂಬ ಒತ್ತಾಯ ಈ ಭಾಗದಲ್ಲಿ ಬಹಳ ದಿನಗಳಿಂದ ಇದೆ, ಅದರಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ. ಮೇಲಿನ ಕೆರೆಗೆ ಆ ನೀರು ಬರುತ್ತಿದ್ದರೆ ಅದರ ಕೋಡಿಯಲ್ಲಿ ಮಾದರಿ ತೆಗೆಯದೆ ಕೆಳಗಿನ ರೈತರ ಮೇಲೆ ಏನನ್ನೂ ಹೇಳಬಾರದು.

ಉತ್ತರ: ತುರುವೇಕೆರೆಯ ಮೇಷ್ಟ್ರು, ಸದ್ಯ ಕುಮಟಾ

ನಾನು ತುಮಕೂರು ಜಿಲ್ಲೆಯವನಾದರೂ ಕೆಲಸದ ನಿಮಿತ್ತ ಕರಾವಳಿಯಲ್ಲಿದ್ದೇನೆ, ಆದ್ದರಿಂದ ನಮ್ಮದೇ ರಾಜ್ಯದ ಕಡಲ ಕಡೆಯ ಸ್ಥಿತಿಯನ್ನು ತಿಳಿಸುತ್ತೇನೆ. ಇಲ್ಲಿನ ಅಘನಾಶಿನಿ ಅಳಿವೆ 2024ರಲ್ಲಿ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ನೀರು ಇಳಿದಾಗ ಸೊಂಟದವರೆಗೆ ಕೆಸರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಮೀನು ಹೆಕ್ಕುವ ಕುಟುಂಬಗಳು ಇಲ್ಲಿ ಬಹಳ. ಸಿಯಾಟಲ್‌ನವರು ಸಿಂಪಿಯ ಬಗ್ಗೆ ಹೇಳಿದ್ದು ಬಳಚಿಗೂ ಅನ್ವಯಿಸುತ್ತದೆ. ಆದರೆ ನಮ್ಮವರು ಬೇಯಿಸಿ ತಿನ್ನುವುದರಿಂದ ಅಪಾಯ ಕಡಿಮೆ. ಕಾಸರಕೋಡು, ಪಡುಬಿದ್ರಿ ಕಡಲತೀರಗಳಿಗೆ 2020ರಲ್ಲಿ ಸ್ವಚ್ಛ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಬಂದಾಗ ಇ. ಕೋಲಿ 100 ಮಿಲಿಲೀಟರಿಗೆ 250ರೊಳಗೆ, ಎಂಟೆರೊಕಾಕೈ ಎಂಬ ಇನ್ನೊಂದು ಕರುಳಿನ ಬ್ಯಾಕ್ಟೀರಿಯಾ 100ರೊಳಗೆ ಇರಬೇಕೆಂಬ ಷರತ್ತಿನ ಮಾತು ಇಲ್ಲಿನ ಜನರ ಕಿವಿಗೂ ಬಿತ್ತು. ಉಪ್ಪುನೀರಿನಲ್ಲಿ ಇ. ಕೋಲಿ ಬೇಗ ಸಾಯುತ್ತದೆ, ಎಂಟೆರೊಕಾಕೈ ಹೆಚ್ಚು ಕಾಲ ಉಳಿಯುತ್ತದೆ, ಅದಕ್ಕಾಗಿಯೇ ಕಡಲಲ್ಲಿ ಎರಡನ್ನೂ ನೋಡುತ್ತಾರೆ. ನಿಮಗೆ ಕೆರೆಯಲ್ಲಿ ಇ. ಕೋಲಿ ಒಂದೇ ಸಾಕು.

ಇಲ್ಲಿ ಜಮೀನುದಾರರಿಗೆ ಹೇಳಬೇಕಾದದ್ದು ಹೆಚ್ಚಾಗಿ ಶೌಚದ ಗುಂಡಿಯ ವಿಷಯ. ಪ್ರತಿ ಕಾಂಪೌಂಡಿನಲ್ಲೂ ಒಂದು ತೆರೆದ ಬಾವಿ, ಅದರ ಹತ್ತಿರದಲ್ಲೇ ಗುಂಡಿ. ಚಿರೆಕಲ್ಲಿನ ನೆಲ ತೂತುತೂತಾದದ್ದು. ಮಳೆಗಾಲದಲ್ಲಿ ಅಂತರ್ಜಲ ಗುಂಡಿಯ ತಳಕ್ಕೇ ಬರುತ್ತದೆ. ಕೋಲಾರದಲ್ಲಿ ನೀರು ಸಾವಿರ ಅಡಿ ಕೆಳಗಿದೆ, ಆ ಭಯವಿಲ್ಲ ಎಂದುಕೊಳ್ಳಬೇಡಿ. ಬಂಡೆಯ ಬಿರುಕಿನಲ್ಲಿ ನೀರು ಇಳಿಯುವಾಗ ಮಣ್ಣಿನ ಸೋಸುವಿಕೆ ಸಿಗುವುದಿಲ್ಲ, ಕೇಸಿಂಗ್ ಸರಿಯಿಲ್ಲದ ಹಳೆಯ ಬೋರ್‌ವೆಲ್‌ಗಳ ಪಕ್ಕದಿಂದಲೂ ಕೊಳೆ ಇಳಿಯುತ್ತದೆ. ಗುಂಡಿ ತುಂಬಿದಾಗ ಪೈಪು ಕೊಟ್ಟು ಹೊರಬಿಡುವ ಮನೆಗಳಿಗೆ ಎರಡನೆಯ ಗುಂಡಿ ತೋಡಿಸುವುದೇ ಪರಿಹಾರ. ಒಂದು ತುಂಬಿದರೆ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಕನಿಷ್ಠ ಒಂದು ವರ್ಷ ಮುಚ್ಚಿಟ್ಟರೆ ಒಳಗಿನದು ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಮನುಷ್ಯರ ಮಲದಿಂದ ಬರುವ ಅಪಾಯ ದನದ ಸಗಣಿಯಿಂದ ಬರುವುದಕ್ಕಿಂತ ಹೆಚ್ಚು, ಆದ್ದರಿಂದ ನಾನಾಗಿದ್ದರೆ ಕೊಟ್ಟಿಗೆಗಿಂತ ಮೊದಲು ಈ ಮನೆಗಳಿಗೆ ಹೋಗುತ್ತಿದ್ದೆ. ಇದು ಮುಜುಗರದ ಮಾತು, ಸಭೆಯಲ್ಲಿ ಆಡುವಂಥದ್ದಲ್ಲ.

ಮರುಪ್ರಶ್ನೆ: ಪಾಲಾರ್ ಬಯಲು, ಬಂಗಾರಪೇಟೆ ತಾಲ್ಲೂಕು

ಎಲ್ಲರಿಗೂ ಋಣಿಯಾಗಿದ್ದೇನೆ. ಚಿಂತಾಮಣಿಯ ಅಮ್ಮನವರ ಮಾತು ನೇರವಾಗಿ ತಟ್ಟಿತು. ಡೇರಿ ಕಾರ್ಯದರ್ಶಿಯ ಜೊತೆ ಮಾತನಾಡಿದ್ದೇನೆ, ಅವರು ಬೆಳಗಿನ ಹೊತ್ತು ಒಪ್ಪಿದ್ದಾರೆ. ಮೇಲಿನ ಕೆರೆಯ ಕೋಡಿಯಲ್ಲೂ, ಪಟ್ಟಣದ ಕಡೆಯ ಮೋರಿಯಲ್ಲೂ ಮಾದರಿ ತೆಗೆಯುತ್ತೇವೆ. ಭರಣಿ ಮಳೆಗೆ ಮುಂಚೆ ಒಣ ದಿನದ ಮಾದರಿ ಮುಗಿಸಬೇಕೆಂದಿದ್ದೇವೆ.

ಉಳಿದಿರುವುದು ಎರಡು ಸಂದೇಹ. ಕಾಲುವೆ ಬದಿಯಲ್ಲಿ ಹುಲ್ಲಿನ ಪಟ್ಟಿ ಬಿಟ್ಟರೆ ಕೊಳೆ ತಡೆಯುತ್ತದೆ ಎಂದು ಓದಿದ್ದೇನೆ. ಮೂರಡಿ ಜಾಗ ಬಿಡಿ ಎಂದರೂ ಜಮೀನು ಹೋಯಿತು ಎನ್ನುವ ಜನರಿಗೆ ಅದನ್ನು ಹೇಳಬಹುದೇ? ಎರಡನೆಯದು, ತಿಪ್ಪೆಯನ್ನು ವರ್ಷಗಟ್ಟಲೆ ಇಟ್ಟರೆ ಅದರಲ್ಲಿನ ರೋಗಾಣು ತಾನಾಗಿಯೇ ಸಾಯುವುದಿಲ್ಲವೇ ಎಂದು ಕೇಳುವವರಿಗೆ ಏನು ಹೇಳಬೇಕು? ಮಾದರಿ ಸಾಗಿಸುವ ಕ್ರಮವನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಸೂಕ್ಷ್ಮದರ್ಶಕ, ಚಿಕ್ಕಬಳ್ಳಾಪುರ

ಹುಲ್ಲಿನ ಪಟ್ಟಿಯನ್ನು ಬಿಟ್ಟುಕೊಡುವ ಜಾಗ ಎನ್ನಬೇಡಿ, ಮೇವಿನ ಸಾಲು ಎನ್ನಿ. ಹೇಗೂ ಅವರು ಸೀಮೆಹುಲ್ಲು ಬೆಳೆಯುತ್ತಾರೆ; ಅದನ್ನು ಜಮೀನಿನ ನಡುವೆ ಹಾಕುವ ಬದಲು ಕಾಲುವೆಯ ಅಂಚಿಗೆ ತಂದರೆ ಆಯಿತು. ಆದರೆ ನೀರು ಹಾಳೆಯಂತೆ ಹರಡಿ ನಿಧಾನವಾಗಿ ಹುಲ್ಲಿನೊಳಗೆ ಹಾಯ್ದರೆ ಮಾತ್ರ ಅದು ಸೋಸುತ್ತದೆ. ಪೈಪಿನಿಂದಲೋ ಕೊರಕಲಿನಿಂದಲೋ ಒಂದೇ ಕಡೆ ನುಗ್ಗುವ ನೀರಿಗೆ ಎಷ್ಟು ಅಗಲದ ಹುಲ್ಲಿದ್ದರೂ ಅಷ್ಟಕ್ಕಷ್ಟೇ. ಆದ್ದರಿಂದ ಕೊಟ್ಟಿಗೆಯವರಿಗೆ ರಿಂಗಿನ ತೊಟ್ಟಿ, ಟೊಮೆಟೊ ಹೊಲದವರಿಗೆ ಹುಲ್ಲು, ಹೀಗೆ ಬೇರೆ ಬೇರೆ ಹೇಳಿ.

ತಿಪ್ಪೆಯ ವಿಷಯದಲ್ಲಿ ಅವರ ಮಾತು ಅರ್ಧ ನಿಜ. ರಾಶಿಯ ಒಳಭಾಗ ಬಿಸಿಯಾಗಿ ರೋಗಾಣು ಸಾಯುತ್ತವೆ, ಹೊರಪದರ ಬಿಸಿಯಾಗುವುದೇ ಇಲ್ಲ, ಮತ್ತು ದಿನವೂ ಮೇಲೆ ಹೊಸ ಸಗಣಿ ಬೀಳುತ್ತಿರುತ್ತದೆ. ಮಳೆಗೆ ಕೊಚ್ಚಿಹೋಗುವುದು ಆ ಹೊರಪದರವೇ. ಅಮೆರಿಕದ ಕಾಂಪೋಸ್ಟ್ ನಿಯಮದಲ್ಲಿ ಸಾಲು ರಾಶಿ 55 ಡಿಗ್ರಿ ಸೆಲ್ಸಿಯಸ್‌ಗೆ ಕಡಿಮೆಯಾಗದಂತೆ 15 ದಿನ ಇರಬೇಕು, ಅಷ್ಟರಲ್ಲಿ ಐದು ಸಲ ತಿರುವಬೇಕು ಎಂದಿದೆ. ನಮ್ಮವರು ಅಷ್ಟು ತಿರುವುವುದಿಲ್ಲ, ಆಳು ಸಿಗುವುದಿಲ್ಲ. ಎರಡು ಗುಂಡಿ ಮಾಡಿ, ಒಂದು ತುಂಬಿದ ಮೇಲೆ ಮಣ್ಣು ಮೆತ್ತಿ ಮುಚ್ಚಿ ಇನ್ನೊಂದಕ್ಕೆ ಶುರು ಮಾಡಲು ಹೇಳಿ. ಮುಖ್ಯವಾಗಿ ತಿಪ್ಪೆ ಏರಿಯಿಂದ ಇಳಿದು ಕಾಲುವೆಯಿಂದ ದೂರ ಹೋಗಬೇಕು. ಕೋಳಿ ಗೊಬ್ಬರ ತರಿಸುವವರಿಗೆ, ಚೆಲ್ಲುವ ವಾರದಲ್ಲೇ ತರಿಸಿ, ಅಲ್ಲಿಯವರೆಗೆ ಟಾರ್ಪಾಲು ಹೊದಿಸಿ ಎಂದರೆ ಸಾಕು. ಮಳೆಗೆ ತೊಳೆದು ಹೋಗುವುದು ಅವರು ದುಡ್ಡು ಕೊಟ್ಟ ಸಾರಜನಕ ಎಂಬುದನ್ನು ಸೇರಿಸಿ ಹೇಳಿ.

ಮಾದರಿಗೆ ಪ್ರಯೋಗಾಲಯದವರೇ ಕೊಡುವ ಕ್ರಿಮಿಶುದ್ಧೀಕರಿಸಿದ ಬಾಟಲಿಯನ್ನೇ ಬಳಸಿ, ಮಿನರಲ್ ವಾಟರ್ ಬಾಟಲಿ ಬೇಡ. ಮುಚ್ಚಳದ ಒಳಭಾಗವನ್ನು ಬೆರಳಿನಿಂದ ಮುಟ್ಟಬಾರದು. ಬಾಟಲಿಯ ಬಾಯನ್ನು ಹರಿವಿಗೆ ಎದುರಾಗಿ ಹಿಡಿದು, ತಳದ ಕೆಸರು ಕದಡದಂತೆ ಒಂದು ಗೇಣು ಆಳದಿಂದ ತುಂಬಿ, ಮೇಲೆ ಸ್ವಲ್ಪ ಖಾಲಿ ಬಿಡಿ. ಕಾಲುವೆಯಲ್ಲಿ ಇಳಿಯುವುದಾದರೆ ಕೆಳಗಿನ ಜಾಗದಿಂದ ಶುರು ಮಾಡಿ ಮೇಲಕ್ಕೆ ಹೋಗಿ, ಇಲ್ಲದಿದ್ದರೆ ನೀವು ಕದಡಿದ್ದೇ ಮುಂದಿನ ಬಾಟಲಿಗೆ ಬರುತ್ತದೆ. ಪ್ರತಿ ಬಾಟಲಿಯ ಮೇಲೆ ಜಾಗ, ಗಂಟೆ, ಹಿಂದಿನ ಮಳೆ ಯಾವಾಗ ಎಂಬುದನ್ನು ಬರೆದು ಐಸ್ ಪೆಟ್ಟಿಗೆಯಲ್ಲಿಡಿ, ಆರು ಗಂಟೆಯೊಳಗೆ ಪ್ರಯೋಗಾಲಯಕ್ಕೆ ತಲುಪಿಸಿ. ಈ ಪರೀಕ್ಷೆಯ ಫಲಿತಾಂಶ ಓದಲು ಎರಡರಿಂದ ನಾಲ್ಕು ದಿನ ಬೇಕಾಗುವುದರಿಂದ ವಾರದ ಕೊನೆಯಲ್ಲಿ ತಂದ ಮಾದರಿಯನ್ನು ಕೆಲವು ಕಡೆ ತೆಗೆದುಕೊಳ್ಳುವುದಿಲ್ಲ. ಮೊದಲೇ ಫೋನು ಮಾಡಿ, ಸೋಮವಾರವೋ ಮಂಗಳವಾರವೋ ಬೆಳಿಗ್ಗೆ ಹೊರಡುವಂತೆ ನೋಡಿಕೊಳ್ಳಿ.